ಏಳನೆಯ ತರಗತಿಯ ವಾಲಿ

ಮನುಷ್ಯನಿಗೆ ಬುದ್ಧಿ ಬರುವುದು ಯಾವ ವಯಸ್ಸಿಗೆ ಎಂಬ ಪ್ರಶ್ನೆಗೆ ಶಾಸ್ತ್ರಗಳು ಏನೇ ಹೇಳಲಿ, ಬಸ್ಸಿನ ಕಂಡಕ್ಟರ ಹತ್ತಿರ ಖಡಾಖಂಡಿತವಾದ ಉತ್ತರ ಉಂಟು. ಹನ್ನೆರಡು ತುಂಬುವವರೆಗೆ ಅರ್ಧ ಟಿಕೆಟ್, ಅಲ್ಲಿಂದ ಮುಂದೆ ಪೂರ್ತಿ. ಸಂಜೆ ಶಾಲೆ ಬಿಡುವ ಹೊತ್ತಿಗೆ ಮಂಗಳೂರಿನ ವಾಮಂಜೂರು ಜಂಕ್ಷನ್ನಿನಲ್ಲಿ ಮೂಡುಬಿದಿರೆ ಕಡೆಯ ಬಸ್ಸು ಹತ್ತಿದರೆ ಈ ತತ್ತ್ವದ ಪ್ರಾತ್ಯಕ್ಷಿಕೆ ಪುಕ್ಕಟೆಯಾಗಿ ಸಿಗುತ್ತದೆ. 'ದುಂಬು ಪೋಲೆ, ದುಂಬು ಪೋಲೆ' ಎನ್ನುತ್ತ ಜನರನ್ನು ಮುಂದಕ್ಕೆ ತಳ್ಳಿಕೊಂಡು ಬರುವ ಕಂಡಕ್ಟರು, ತುಟಿಯ ಮೇಲಿನದ್ದು ಮೀಸೆಯೋ ಮಸಿಯೋ ಎಂದು ಇನ್ನೂ ತೀರ್ಮಾನವಾಗದ ಹುಡುಗನೊಬ್ಬನ ಎದುರು ನಿಂತು 'ಎಷ್ಟನೇ ಕ್ಲಾಸ್?' ಎಂದು ಕೇಳುತ್ತಾರೆ. ಪಕ್ಕದಲ್ಲಿರುವ ತಾಯಿ 'ಆರು' ಎನ್ನುತ್ತಾರೆ. ಅದೇ ಉಸಿರಿಗೆ ಹುಡುಗ 'ಏಳು' ಎನ್ನುತ್ತಾನೆ. ಅರ್ಧ ಟಿಕೆಟಿನ ಉಳಿತಾಯಕ್ಕಿಂತ ಒಂದು ಕ್ಲಾಸಿನ ಬಡ್ತಿ ಅವನಿಗೆ ದೊಡ್ಡದು. ಕಾನೂನು ಕೂಡ ಕಂಡಕ್ಟರ ಪಕ್ಷವೇ. ಮೆಕಾಲೆಯ ಕರಡಿನಿಂದ ಹುಟ್ಟಿದ 1860ರ ದಂಡಸಂಹಿತೆ, ಏಳರಿಂದ ಹನ್ನೆರಡರೊಳಗಿನ ಮಗುವಿಗೆ ತಾನು ಮಾಡಿದ್ದೇನೆಂದು ತಿಳಿಯುವಷ್ಟು ಬುದ್ಧಿ ಬಲಿತಿಲ್ಲವಾದರೆ ಅದು ಮಾಡಿದ್ದು ಅಪರಾಧವಲ್ಲ ಎಂದಿತ್ತು. ಅದರ ಜಾಗಕ್ಕೆ ಈಚೆಗೆ ಬಂದ ನ್ಯಾಯಸಂಹಿತೆಯೂ ಗೆರೆಯನ್ನು ಅಲ್ಲೇ ಉಳಿಸಿಕೊಂಡಿದೆ. ಹನ್ನೆರಡು ದಾಟಿದವನಿಗೆ ಈ ರಿಯಾಯಿತಿ ಇಲ್ಲ. ಕಂಡಕ್ಟರೂ ಮೆಕಾಲೆಯೂ ಒಂದೇ ಸೀಟಿನಲ್ಲಿ ಕೂತು ಒಪ್ಪಿದ ಈ ಸಂಗತಿಯನ್ನು ಇವತ್ತಿಗೂ ಒಪ್ಪಲು ತಯಾರಿಲ್ಲದ ಸಂಸ್ಥೆ ಒಂದುಂಟು, ಅದು ಶಾಲೆ.

ಆರು, ಏಳು, ಎಂಟನೆಯ ತರಗತಿಗಳಿಗೆ ಪಾಠ ಮಾಡುವುದು ಕಷ್ಟ ಎಂದು ಪಾಠ ಮಾಡುವವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಒಂದನೆಯ ತರಗತಿಯ ಮಗುವಿಗೆ ಟೀಚರ್ ಎಂದರೆ ದೇವರು. ಟೀಚರ್ ಹೇಳಿದ್ದು ತಪ್ಪೆಂದು ಅಪ್ಪ ಹೇಳಿದರೆ ಅದು ಅಪ್ಪನನ್ನೇ ತಿದ್ದುತ್ತದೆ. ಹತ್ತನೆಯ ತರಗತಿಯವನಿಗೆ ದೇವರಿಲ್ಲದಿದ್ದರೂ ಪರೀಕ್ಷಾ ಮಂಡಳಿ ಉಂಟು. ನಡುವಿನವರಿಗೆ ಭಕ್ತಿಯೂ ಇಲ್ಲ, ಭಯವೂ ಇಲ್ಲ. ಬೊಂಡವೂ ಅಲ್ಲದ, ಕಾಯಿಯೂ ಆಗದ ಬನ್ನಂಗಾಯಿಯ ಸ್ಥಿತಿ ಅದು. ಕುಡಿಯಹೋದರೆ ತಿರುಳು ಅಡ್ಡ ಬರುತ್ತದೆ, ತುರಿಯಹೋದರೆ ತುರಿಮಣೆಗೆ ನಿಲ್ಲುವುದಿಲ್ಲ. ಸ್ಟಾಫ್ ರೂಮಿನಲ್ಲಿ ಇವರ ಮೇಲಿನ ದೂರು ಸಾಮಾನ್ಯವಾಗಿ ಒಂದೇ: ಎಲ್ಲದಕ್ಕೂ ಎದುರುತ್ತರ. 'ಕೂತ್ಕೋ' ಎಂದರೆ 'ಅವನೂ ನಿಂತಿದ್ದಾನಲ್ಲ ಸರ್'. 'ಯಾಕೆ ಬರೆದಿಲ್ಲ?' ಎಂದರೆ 'ಇವತ್ತಿಗೇ ಬೇಕು ಅಂತ ಹೇಳ್ಲಿಲ್ಲ ಸರ್'. 'ಮಾತಾಡ್ಬೇಡ' ಎಂದರೆ 'ನಾನೆಂತ ಮಾತಾಡಿದ್ದು?' ಎಂದು ಮಾತಾಡಿಯೇ ಕೇಳುವುದು. ನಮ್ಮ ಕಡೆ ಇದಕ್ಕೆಲ್ಲ ಸೇರಿಸಿ ಅಧಿಕಪ್ರಸಂಗ ಎಂದು ಹೆಸರು, ಮದ್ದು ಎಂದರೆ ಬಾಗಿಲ ಹೊರಗೆ ನಿಲ್ಲಿಸುವುದು. ನನ್ನ ವಾದ ಇಷ್ಟೆ: ಈ ಅಧಿಕಪ್ರಸಂಗವೇ ಆ ಮೂರು ವರ್ಷಗಳ ಮುಖ್ಯ ವಿಷಯವಾಗಬೇಕು, ಗಣಿತ, ವಿಜ್ಞಾನ, ಸಮಾಜಗಳನ್ನು ಅದರ ಬೆನ್ನಿಗೆ ಕಟ್ಟಿ ಕಳಿಸಬೇಕು. ವಾದ ಎಂದ ಮೇಲೆ ಎದುರುತ್ತರಗಳಿಗೂ ತಯಾರಾಗಿಯೇ ಬಂದಿದ್ದೇನೆ.

ಮೊದಲು, ಈ ತರಗತಿಗಳನ್ನು ನಾವು ಎಲ್ಲಿಟ್ಟಿದ್ದೇವೆ ನೋಡಿ. ಚಿಕ್ಕವರಿಗೆ ನಲಿ-ಕಲಿ ಉಂಟು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ. ಕಾರ್ಡು, ಚಪ್ಪರ, ಹಾಡು, ನೆಲದ ಮೇಲೆ ಗುಂಪು ಗುಂಪಾಗಿ ಕೂರುವುದು. ಆ ಕಡೆಯ ತುದಿಯಲ್ಲಿ ಎಸ್ಸೆಸ್ಸೆಲ್ಸಿ. ಅದಕ್ಕೆ ಬೆಳಗಿನ ವಿಶೇಷ ತರಗತಿ, ಸಂಜೆಯ ವಿಶೇಷ ತರಗತಿ, ಮಗು ಎದ್ದಿದೆಯೇ ಎಂದು ನಸುಕಿಗೆ ಮನೆಗೆ ಫೋನು ಮಾಡುವ ಶಿಕ್ಷಕರು. 2025ರಲ್ಲಿ ದಕ್ಷಿಣ ಕನ್ನಡ ಶೇಕಡಾ 91.12 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು ಬಂದದ್ದು ಸುಮ್ಮನೆ ಅಲ್ಲ. ಇವೆರಡರ ನಡುವಿನ ವರ್ಷಗಳು ಮಾತ್ರ ಎರಡು ಪೇಟೆಗಳ ನಡುವಿನ ರಸ್ತೆ, ದಾಟಿದರೆ ಸಾಕು. ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾದೀತು. ಆರರಿಂದ ಎಂಟರವರೆಗೆ ಪದವೀಧರ ಶಿಕ್ಷಕರೇ ಬೇಕೆಂದು 2022ರಲ್ಲಿ 15,000 ಹುದ್ದೆಗಳಿಗೆ ಅರ್ಜಿ ಕರೆಯಿತು. ಅಷ್ಟೂ ಹುದ್ದೆ ತುಂಬುವಷ್ಟು ಮಂದಿ ಆಯ್ಕೆಯಾಗಲಿಲ್ಲ ಎನ್ನುವುದು ಬೇರೆ ಮಾತು. ಆಮೇಲೆ 2024ರಲ್ಲಿ ಐದು, ಎಂಟು, ಒಂಬತ್ತನೆಯವರಿಗೆ ಮಂಡಳಿ ಪರೀಕ್ಷೆ ಬೇಕೋ ಬೇಡವೋ ಎಂಬ ವ್ಯಾಜ್ಯ ಹುಟ್ಟಿತು. ಹೈಕೋರ್ಟಿನ ಏಕಸದಸ್ಯ ಪೀಠ ಬೇಡ ಎಂದಿತು, ವಿಭಾಗೀಯ ಪೀಠ ನಡೆಯಲಿ ಎಂದಿತು, ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಕೊಟ್ಟಿತು. ಎಂಟನೆಯ ತರಗತಿಯ ಪರೀಕ್ಷೆಯ ಬಗ್ಗೆ ಆ ಒಂದೆರಡು ತಿಂಗಳಲ್ಲಿ ದೇಶದ ದೊಡ್ಡ ದೊಡ್ಡ ವಕೀಲರು ವಾದಿಸಿದರು. ಬಾಯಿಗೆ ಬೆರಳಿಟ್ಟು ಕೂತದ್ದು ಎಂಟನೆಯ ತರಗತಿಯವರು ಮಾತ್ರ.

ಇನ್ನು ಪಠ್ಯವನ್ನೇ ತೆಗೆದುಕೊಳ್ಳಿ. ತಕರಾರನ್ನು ಹೊತ್ತಿಸುವುದು ಅದೇ. ಐದನೆಯ ತರಗತಿಯವರೆಗೆ ಸಂಖ್ಯೆ ಎಂದರೆ ಸಂಖ್ಯೆ, ಅಕ್ಷರ ಎಂದರೆ ಅಕ್ಷರ. ಆರಕ್ಕೆ ಬಂದ ಕೂಡಲೆ ಸಂಖ್ಯೆಯ ಕುರ್ಚಿಯಲ್ಲಿ ಅಕ್ಷರ ಬಂದು ಕೂರುತ್ತದೆ. ಸೊನ್ನೆಗಿಂತ ಕೆಳಗೂ ಸಂಖ್ಯೆಗಳು ಇವೆ ಎಂದು ಮೇಷ್ಟ್ರು ಗೋಡೆಯ ಮೇಲೆ ಗೆರೆ ಎಳೆಯುತ್ತಾರೆ. ಅದೇ ವರ್ಷ ಮೂರನೆಯ ಭಾಷೆಯೊಂದು ಹೆಗಲೇರುತ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಇಂಗ್ಲಿಷು ಇರುವ ವಾಮಂಜೂರಿನ ಮಗುವಿಗೆ ಅದು ಲೆಕ್ಕದಲ್ಲಿ ನಾಲ್ಕನೆಯದು. ಇಷ್ಟಾದ ಮೇಲೆ 'ಏನೂ ಇಲ್ಲದ್ದಕ್ಕಿಂತ ಕಡಿಮೆ ಹೇಗಿರ್ತದೆ ಸರ್?' ಎಂದು ಒಬ್ಬ ಕೇಳಿದರೆ ಅದು ತಲೆಹರಟೆಯೇ? 628ರಲ್ಲಿ ಬ್ರಹ್ಮಗುಪ್ತ ಧನ, ಋಣ ಎಂದು ಸಾಲದ ಲೆಕ್ಕದಲ್ಲಿ ಹೇಳಿ ಮುಗಿಸಿದ್ದ ಸಂಗತಿಯನ್ನು ಒಪ್ಪಲು ಯುರೋಪಿಗೆ ಸಾವಿರಕ್ಕೂ ಹೆಚ್ಚು ವರ್ಷ ಬೇಕಾಯಿತು. 1758ರಲ್ಲೂ ಫ್ರಾನ್ಸಿಸ್ ಮ್ಯಾಸೆರೆಸ್ ಎಂಬ ಇಂಗ್ಲಿಷ್ ಗಣಿತಜ್ಞ ಋಣ ಸಂಖ್ಯೆಗಳ ಮೇಲೆ ಸಿಟ್ಟಾಗಿ ಒಂದು ಪುಸ್ತಕವನ್ನೇ ಬರೆದ. ಅವನನ್ನು ಯಾರೂ ಬಾಗಿಲ ಹೊರಗೆ ನಿಲ್ಲಿಸಲಿಲ್ಲ. ಋಣವನ್ನು ಋಣದಿಂದ ಗುಣಿಸಿದರೆ ಧನ ಹೇಗೆ ಎಂಬುದಕ್ಕೆ ನಮ್ಮ ತರಗತಿಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ವಿವರಣೆ, ಶತ್ರುವಿನ ಶತ್ರು ಮಿತ್ರ ಎಂಬುದು. ಏಳನೆಯ ತರಗತಿಯವನು ಅದಕ್ಕೆ 'ನನ್ನ ಶತ್ರುವಿನ ಶತ್ರು ನನಗೂ ಶತ್ರುವೇ ಸರ್' ಎಂದರೆ ಗಣಿತ ಸೋತದ್ದಲ್ಲ, ವಿವರಣೆ ಸೋತದ್ದು. ಸಮಾಜ ವಿಜ್ಞಾನದ ಪೀರಿಯಡ್ಡಿನಲ್ಲಂತೂ ಸಂವಿಧಾನ ಬರುತ್ತದೆ, ಅದರಲ್ಲಿ ಮಾತಿನ ಸ್ವಾತಂತ್ರ್ಯ ಬರುತ್ತದೆ. ಆ ಹಕ್ಕನ್ನು ಮಕ್ಕಳು ಪಿನ್ನು ಬಿದ್ದರೂ ಕೇಳುವಷ್ಟು ನಿಶ್ಶಬ್ದವಾಗಿ ಕೂತು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ.

'ಇವರಿಗೆ ತರ್ಕ ಎಲ್ಲಿಂದ ಬಂತು ಮಾರಾಯ್ರೆ, ಭೂಪಟದಲ್ಲಿ ಗೋದಾವರಿ ತೋರಿಸಲು ಬರುವುದಿಲ್ಲ' ಎನ್ನುವವರು ಜುಲೈ ತಿಂಗಳ ಒಂದು ರಾತ್ರಿ ನಮ್ಮ ಕಡೆಯ ಯಾವುದಾದರೂ ಮನೆಯಲ್ಲಿ ಕೂತು ನೋಡಬೇಕು. ಹೊರಗೆ ಜಡಿಮಳೆ. ನಾಳೆ ರಜೆ ಉಂಟೋ ಇಲ್ಲವೋ ಎಂಬುದು ಜಿಲ್ಲಾಧಿಕಾರಿಗಳ ಕೈಯಲ್ಲಿ. ಹನ್ನೆರಡರ ಹುಡುಗಿಯೊಬ್ಬಳು ಅಮ್ಮನ ಮೊಬೈಲು ಹಿಡಿದುಕೊಂಡು ಹವಾಮಾನ ಇಲಾಖೆಯ ಬಣ್ಣಗಳನ್ನು ಓದುತ್ತಾಳೆ. ಹಳದಿಯಾದರೆ ಆಸೆ ಬೇಡ. ಕಿತ್ತಳೆಯಾದರೆ ಹಿಂದಿನ ಸಲ ಕಿತ್ತಳೆಗೆ ರಜೆ ಕೊಟ್ಟಿದ್ದರೋ ಎಂದು ಪೂರ್ವನಿದರ್ಶನ ಹುಡುಕಬೇಕು. ಕೆಂಪಾದರೆ ನಾಳೆಯ ಯೂನಿಫಾರ್ಮಿಗೆ ಇಸ್ತ್ರಿ ಬೇಡ. ಉಡುಪಿಯಲ್ಲಿ ಘೋಷಣೆಯಾಗಿದೆ, ಇಲ್ಲಿ ಇನ್ನೂ ಆಗಿಲ್ಲ; ಹಾಗಾದರೆ ಇಲ್ಲಿಯೂ ಆಗುವ ಸಂಭವ ಎಷ್ಟು? ಅಷ್ಟರಲ್ಲಿ ಕ್ಲಾಸಿನ ಗ್ರೂಪಿಗೆ ರಜೆಯ ಆದೇಶವೊಂದು ಬಂದು ಬೀಳುತ್ತದೆ. ಕುಣಿಯುವ ಮೊದಲು ಅವಳು ಚಿತ್ರವನ್ನು ದೊಡ್ಡದು ಮಾಡಿ ದಿನಾಂಕ ನೋಡುತ್ತಾಳೆ, ಏಕೆಂದರೆ ಹಳೆಯ ಆದೇಶದ ದಿನಾಂಕ ತಿದ್ದಿ ಹರಿಯಬಿಡುವ ಪುಣ್ಯಾತ್ಮರು ಜಿಲ್ಲೆಯಲ್ಲಿ ಇದ್ದಾರೆ. ವಾರ ಸರಿಯಾಗಿದೆಯೇ, ಸಹಿ ಈಗಿನ ಜಿಲ್ಲಾಧಿಕಾರಿಗಳದ್ದೇ, ಪದವಿಪೂರ್ವದವರೆಗೆ ಎಂದಿದೆಯೇ ಅಂಗನವಾಡಿಗೆ ಮಾತ್ರವೇ ಎಂದೆಲ್ಲ ಪರಿಶೀಲಿಸಿ, ಕೊನೆಗೆ 'ಇದು ಹೋದ ವರ್ಷದ್ದು' ಎಂದು ತೀರ್ಪು ಕೊಡುತ್ತಾಳೆ. ಶಾಸನತಜ್ಞರು ಒಂದು ತಾಮ್ರಪಟವನ್ನು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ಕ್ರಮವೇ ಇದು. ಮರುದಿನ ಶಾಲೆ ಇದ್ದು, ಇತಿಹಾಸದ ಪೀರಿಯಡ್ಡಿನಲ್ಲಿ 'ಆಧಾರಗಳು ಎಂದರೇನು?' ಎಂದು ಕೇಳಿದರೆ ಅವಳೇ ಎದ್ದು ನಿಂತು ಗೋಡೆ ನೋಡುತ್ತಾಳೆ. ಬುದ್ಧಿಯ ಕೊರತೆ ಅಲ್ಲಿ ಇರಲಿಲ್ಲ. ಪಾಠದಲ್ಲಿ ರಜೆಯಷ್ಟು ತೂಕದ್ದೇನೂ ಪಣಕ್ಕಿರಲಿಲ್ಲ, ಅಷ್ಟೆ.

ವಿಚಿತ್ರ ಎಂದರೆ, ಎದುರುತ್ತರಕ್ಕೆ ಇಷ್ಟು ಹೆದರುವ ಶಾಲೆಗಳು ಇರುವುದು ತಾಳಮದ್ದಳೆಯ ಸೀಮೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆಶುವಾಗಿ ವಾದಿಸುತ್ತಾರೆ, ಜನ ರಾತ್ರಿಯೆಲ್ಲ ನಿದ್ದೆಗೆಟ್ಟು ಕೇಳುತ್ತಾರೆ. ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಲ್ಲಿ ವಾಲಿವಧೆ ಇವತ್ತಿಗೂ ಎಲ್ಲರಿಗೂ ಬೇಕು. ಅಲ್ಲಿ ವಾಲಿ ಬಾಣ ತಾಗಿ ಬಿದ್ದುಕೊಂಡೇ ರಾಮನಿಗೆ ಪ್ರಶ್ನೆ ಹಾಕುತ್ತಾನೆ. ಆ ಪ್ರಶ್ನೆಗಳನ್ನು ಬಿಡಿಸಿ ನೋಡಿದರೆ ಮೂರು. ನಾನು ಇನ್ನೊಬ್ಬನ ಜೊತೆ ಹೋರಾಡುತ್ತಿರುವಾಗ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನನಗೂ ನಿನಗೂ ಏನು ಸಂಬಂಧ, ನನ್ನನ್ನು ಶಿಕ್ಷಿಸಲು ನೀನು ಯಾರು? ಜಗಳ ಇಬ್ಬರದ್ದು, ಶಿಕ್ಷೆ ನನಗೊಬ್ಬನಿಗೇ ಯಾಕೆ? ಏಳನೆಯ ತರಗತಿಯ ಹುಡುಗನ ಬಾಯಲ್ಲಿ ಇವೇ ಮೂರು ಪ್ರಶ್ನೆಗಳು ಹೀಗಿರುತ್ತವೆ: 'ಬೋರ್ಡಿಗೆ ಮುಖ ಮಾಡಿ ಬರಿತಿದ್ರಲ್ಲ ಸರ್, ನಾನೇ ಅಂತ ಹೇಗೆ ಗೊತ್ತಾಯ್ತು?' 'ನೀವು ನಮ್ಮ ಕ್ಲಾಸ್ ಟೀಚರ್ ಅಲ್ಲ ಅಲ್ವ ಮೇಡಂ?' 'ಅವನೂ ಮಾತಾಡಿದ, ನನ್ನನ್ನು ಮಾತ್ರ ಎಂತಕ್ಕೆ ನಿಲ್ಲಿಸಿದ್ದು?' ವಿಧಾನ, ಅಧಿಕಾರ, ಪಕ್ಷಪಾತ. ಯಾವ ನ್ಯಾಯಾಲಯದಲ್ಲೂ ಮೇಲ್ಮನವಿಗೆ ನಿಲ್ಲುವ ಆಧಾರಗಳು. ಇದೇ ಪ್ರಶ್ನೆಗಳನ್ನು ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೇಳಿದಾಗ ಸಭೆ ತಲೆದೂಗಿತು. ಹೀಗೆ ಅರ್ಥ ಹೇಳಿ ಹೆಸರಾದ ಕುಂಬಳೆ ಸುಂದರ ರಾಯರನ್ನು 1994ರಲ್ಲಿ ಸುರತ್ಕಲ್ ಕ್ಷೇತ್ರದ ಜನ ವಿಧಾನಸಭೆಗೇ ಕಳಿಸಿದರು. ರಾತ್ರಿ ವಾಲಿಯ ಮಾತಿಗೆ ಚಪ್ಪಾಳೆ ತಟ್ಟಿದ ಮೇಷ್ಟ್ರು ಬೆಳಗ್ಗೆ ಒಂಬತ್ತೂವರೆಗೆ ಹಾಜರಿ ಪುಸ್ತಕ ತೆರೆದೊಡನೆ ವಾಲಿಯನ್ನು ಬಾಗಿಲ ಹೊರಗೆ ಕಳಿಸುತ್ತಾರೆ.

'ಗುರುವಿಗೆ ಎದುರಾಡುವುದು ನಮ್ಮ ಪರಂಪರೆಯಲ್ಲ' ಎಂಬ ಆಕ್ಷೇಪಕ್ಕೆ ಹೆಚ್ಚು ಸಮಯ ಬೇಡ. ಅಷ್ಟಾವಕ್ರ ಹೊಟ್ಟೆಯೊಳಗಿದ್ದಾಗಲೇ ಅಪ್ಪನ ವೇದಪಾಠದ ತಪ್ಪು ಎತ್ತಿ ತೋರಿಸಿ ಎಂಟು ಕಡೆ ಸೊಟ್ಟಗಾಗುವ ಶಾಪ ಪಡೆದ. ಅಧಿಕಪ್ರಸಂಗಕ್ಕೆ ಸಿಕ್ಕ ಅತ್ಯಂತ ಹಳೆಯ ಶಿಕ್ಷೆಗಳಲ್ಲಿ ಒಂದಾದ ಅದನ್ನು ಕೊಟ್ಟದ್ದು ತಂದೆಯಾಗಿದ್ದ ಮೇಷ್ಟ್ರೇ. ಅದೇ ಹುಡುಗ ಹನ್ನೆರಡರ ಪ್ರಾಯದಲ್ಲಿ ಜನಕನ ಯಜ್ಞಶಾಲೆಗೆ ಹೋದ. ಮಕ್ಕಳಿಗೆ ಒಳಗೆ ಪ್ರವೇಶವಿಲ್ಲ ಎಂದ ಬಾಗಿಲು ಕಾಯುವವನ ಜೊತೆ, ತಲೆ ನರೆತ ಮಾತ್ರಕ್ಕೆ ಯಾರೂ ಹಿರಿಯರಾಗುವುದಿಲ್ಲ ಎಂದು ವಾದಿಸಿ ಒಳಹೊಕ್ಕ, ಬಂದಿ ಎಂಬ ಆಸ್ಥಾನದ ವಾದಿಯನ್ನು ಸೋಲಿಸಿದ, ಅವನೆದುರು ವಾದದಲ್ಲಿ ಸೋತು ನೀರುಪಾಲಾಗಿದ್ದ ಅಪ್ಪನನ್ನು ಬಿಡಿಸಿಕೊಂಡು ಬಂದ. ಮಹಾಭಾರತದಲ್ಲೇ ಇರುವ ಕಥೆ. ಪರಂಪರೆಯ ಹೆಸರು ಹೇಳುವವರು ಏಕಲವ್ಯನಲ್ಲಿಗೆ ನಿಂತುಬಿಡುತ್ತಾರೆ. ಹೆಬ್ಬೆರಳು ಕೇಳುವ ಗುರುವಿಗೆ ಎದುರಾಡದ ಶಿಷ್ಯನೇ ಅನುಕೂಲ.

ಗಟ್ಟಿಯಾದ ಆಕ್ಷೇಪ ಬೇರೆ ಉಂಟು. ಇವರು ಮಾಡುವುದರಲ್ಲಿ ಮುಕ್ಕಾಲುಪಾಲು ತರ್ಕವಲ್ಲ, ಬರೀ ಉದ್ಧಟತನ. ಕೇಳುವುದು ಉತ್ತರಕ್ಕಾಗಿ ಅಲ್ಲ, ಹಿಂದಿನ ಬೆಂಚು ನಗಲಿ ಎಂದು. ಇದನ್ನು ಒಪ್ಪಬೇಕು. ಮನಶ್ಶಾಸ್ತ್ರಜ್ಞರೂ ಒಪ್ಪುತ್ತಾರೆ. 'ಹೀಗಿಲ್ಲ, ಆದರೆ ಹೀಗಿದ್ದಿದ್ದರೆ' ಎಂದು ಇಲ್ಲದ್ದನ್ನು ಕಲ್ಪಿಸಿ ತರ್ಕಿಸುವ ಶಕ್ತಿ ಹನ್ನೊಂದು ಹನ್ನೆರಡಕ್ಕೆ ಮೊಳೆಯುತ್ತದೆ ಎಂದು ಪಿಯಾಜೆ ಹೇಳಿದ. ಅದೇ ಪ್ರಾಯಕ್ಕೆ ತನ್ನ ಸುತ್ತ ಸದಾ ಒಂದು ಪ್ರೇಕ್ಷಕವರ್ಗ ನೆರೆದಿದೆ ಎಂಬ ಭ್ರಮೆಯೂ ಹುಟ್ಟುತ್ತದೆ ಎಂದು 1967ರಲ್ಲಿ ಡೇವಿಡ್ ಎಲ್ಕಿಂಡ್ ಹೇಳಿದ. ತರಗತಿಯಲ್ಲಿ ಅದು ಭ್ರಮೆಯೂ ಅಲ್ಲ, ನಲವತ್ತು ಮಂದಿ ನಿಜವಾಗಿಯೇ ಕೂತಿರುತ್ತಾರೆ. 2005ರಲ್ಲಿ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಕಾರು ಓಡಿಸುವ ಆಟ ಆಡಿಸಿ ನೋಡಿದರು. ಹದಿಮೂರರಿಂದ ಹದಿನಾರರವರು ಗೆಳೆಯರು ನೋಡುತ್ತಿದ್ದಾಗ ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಬೆಳೆದವರಿಗೆ ಗೆಳೆಯರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇದಕ್ಕೆ ಪ್ರಯೋಗಾಲಯವೇ ಬೇಕೆಂದಿಲ್ಲ. ವಾಮಂಜೂರಿನ ಮಗ್ಗುಲಲ್ಲೇ ಪಿಲಿಕುಳ ನಿಸರ್ಗಧಾಮ ಉಂಟು; ಪ್ರವಾಸದ ತಿಂಗಳುಗಳಲ್ಲಿ ಯಾವ್ಯಾವುದೋ ಜಿಲ್ಲೆಗಳ ಶಾಲಾ ಬಸ್ಸುಗಳು ಅಲ್ಲಿ ಬಂದು ನಿಲ್ಲುತ್ತವೆ. ವಿಜ್ಞಾನ ಕೇಂದ್ರದಲ್ಲಿ ಒಬ್ಬನೇ ಹಿಂದುಳಿದ ಹುಡುಗ ಫಲಕ ಓದಿ, ಗುಂಡಿ ಒತ್ತಿ, ಏನಾಯಿತೆಂದು ಬಗ್ಗಿ ನೋಡುತ್ತಾನೆ. ಅದೇ ಹುಡುಗ ಐವರ ಜೊತೆ ಬಂದರೆ ಮೊದಲು ಎಲ್ಲ ಗುಂಡಿ ಗುದ್ದಿ ಆಗುತ್ತದೆ, ಫಲಕ ಓದುವುದು ಮೇಷ್ಟ್ರು. 2018ರಲ್ಲಿ ತೆರೆದ ಅಲ್ಲಿಯ 3ಡಿ ತಾರಾಲಯದಲ್ಲಿ ದೀಪ ಆರಿದ ಕೂಡಲೆ ಬರುವ ಶಿಳ್ಳೆ ಯಾವ ನಕ್ಷತ್ರಕ್ಕೂ ಸಂಬಂಧಪಟ್ಟದ್ದಲ್ಲ.

ಹಾಗಾದರೆ ಆಕ್ಷೇಪ ಗೆದ್ದಿತೇ? ಇಲ್ಲ. ಪ್ರೇಕ್ಷಕರು ಇದ್ದೇ ಇರುವಾಗ ಅವರ ಎದುರು ಆಡಲು ಒಂದು ಪಾತ್ರ ಕೊಡಬೇಕು ಎಂಬುದಷ್ಟೇ ಇದರಿಂದ ಸಿದ್ಧವಾಗುವುದು. ತಾಳಮದ್ದಳೆ ಈ ಸಮಸ್ಯೆಯನ್ನು ಯಾವತ್ತೋ ಬಗೆಹರಿಸಿದೆ. ಅಲ್ಲಿ ವಾಲಿಯ ಅರ್ಥ ಹೇಳುವವನು ರಾಮನನ್ನು ಎಷ್ಟು ಬೇಕಾದರೂ ಕೆಣಕಬಹುದು, ಆದರೆ ಪ್ರಸಂಗ ಬಿಟ್ಟು ಹೊರಗೆ ಹೋಗುವಂತಿಲ್ಲ. ಎದುರಾಳಿ ಹೇಳಿದ ಕೊನೆಯ ಮಾತನ್ನು ಹಿಡಿದುಕೊಂಡೇ ಮುಂದಿನದ್ದು ಹೇಳಬೇಕು. ಕೇಳಿಸಿಕೊಳ್ಳದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಪಾತ್ರದ ಬಾಯಲ್ಲಿ ಎಷ್ಟು ಖಾರ ಇದ್ದರೂ ಎದುರು ಕೂತವರ ಮರ್ಯಾದೆಗೆ ಭಂಗ ಬರಬಾರದು. ಇಂದು ವಾಲಿಯಾದವನು ನಾಳೆ ರಾಮನಾಗಬೇಕಾಗಬಹುದು, ಆದ್ದರಿಂದ ಎರಡೂ ಕಡೆಯ ಮಾತು ಜೇಬಿನಲ್ಲಿ ಇರಬೇಕು. ನ್ಯೂಯಾರ್ಕಿನಲ್ಲಿ ಡೆಯನಾ ಕುನ್ ಮತ್ತು ಅಮಾಂಡಾ ಕ್ರೊವೆಲ್ ಆರರಿಂದ ಎಂಟನೆಯವರೆಗಿನ ಮಕ್ಕಳಿಗೆ ಮೂರು ವರ್ಷ ಇಂಥದೇ ವಾದದ ತರಗತಿ ನಡೆಸಿ 2011ರಲ್ಲಿ ಫಲ ಪ್ರಕಟಿಸಿದರು. ಅವರಿಗೆ ತಾಳಮದ್ದಳೆ ಗೊತ್ತಿರಲಿಲ್ಲ, ಪಾಪ. ಇಬ್ಬಿಬ್ಬರು ಮಕ್ಕಳು ಸೇರಿ ಎದುರು ಪಕ್ಷದ ಇಬ್ಬರ ಜೊತೆ ವಾದಿಸುವುದು ಅವರ ಕ್ರಮ. ಹೋಲಿಕೆಗೆ ಇನ್ನೊಂದು ಗುಂಪಿಗೆ ಮೇಷ್ಟ್ರು ನಡೆಸುವ ಮಾಮೂಲು ಚರ್ಚೆ, ಜೊತೆಗೆ ಹೆಚ್ಚು ಪ್ರಬಂಧ ಬರೆಸುವುದು. ಕೊನೆಗೆ ಎರಡೂ ಗುಂಪಿನವರಿಂದ ಪ್ರಬಂಧ ಬರೆಸಿದಾಗ, ಎದುರು ಪಕ್ಷದ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರೆದವರು ವಾದಿಸಿ ಪಳಗಿದವರಲ್ಲೇ ಹೆಚ್ಚು. ಪ್ರಬಂಧ ಬರೆದು ಬರೆದು ಕಲಿಯದ್ದನ್ನು ಜಗಳಾಡಿ ಕಲಿತರು ಎಂದಾಯಿತು. ಪ್ರಬಂಧಕಾರನೊಬ್ಬ ಒಪ್ಪಲು ಸ್ವಲ್ಪ ಕಷ್ಟದ ಫಲಿತಾಂಶ.

'ಪೋರ್ಷನ್ ಮುಗಿಯುವುದು ಬೇಡವೇ?' ಇದು ಶಿಕ್ಷಕರ ಪ್ರಶ್ನೆ, ಇದನ್ನು ಹಗುರವಾಗಿ ನೋಡುವವನಿಗೆ ಹಿರಿಯ ಪ್ರಾಥಮಿಕ ಶಾಲೆಯ ದಿನಚರಿ ಗೊತ್ತಿಲ್ಲ. ಬೆಳಗ್ಗೆ ಹಾಲು, ಮಧ್ಯಾಹ್ನ ಅಕ್ಷರ ದಾಸೋಹದ ಅನ್ನ ಸಾಂಬಾರು, ಮೊಟ್ಟೆ ತಿನ್ನುವವರ ಪಟ್ಟಿ, ತಿನ್ನದವರಿಗೆ ಬಾಳೆಹಣ್ಣಿನ ಪಟ್ಟಿ, ಆ ಪಟ್ಟಿಗಳನ್ನು ಆನ್‌ಲೈನಿಗೆ ಏರಿಸುವುದು, ಏರದಿದ್ದರೆ ಯಾಕೆ ಏರಲಿಲ್ಲ ಎಂಬುದಕ್ಕೆ ಉತ್ತರ ಬರೆಯುವುದು, ನಡುವೆ ಚುನಾವಣೆ, ಗಣತಿ. ಮಳೆಗೆ ಹೋದ ದಿನಗಳನ್ನು ಶನಿವಾರ ಮಧ್ಯಾಹ್ನ ತುಂಬಿಸಿಕೊಡಬೇಕು. ಆದ್ದರಿಂದ ನಾನು ಹೊಸ ಪೀರಿಯಡ್ ಕೇಳುವುದಿಲ್ಲ. ಇರುವ ಪಾಠದಲ್ಲೇ ವಾದ ಹೂತಿದೆ, ತೆಗೆಯಬೇಕು ಅಷ್ಟೆ. ಘನತ್ಯಾಜ್ಯದ ಪಾಠ ಉದಾಹರಣೆಗೆ. ಹಸಿ ಕಸ, ಒಣ ಕಸ, ಹಸಿರು ಬುಟ್ಟಿ, ನೀಲಿ ಬುಟ್ಟಿ ಎಂದು ಬರೆಸಿ ಕೆಳಗೆ ಗೆರೆ ಎಳೆಸಿದರೆ ಹತ್ತು ನಿಮಿಷ, ಮರೆಯಲು ಐದು. ವಾಮಂಜೂರಿನ ಮಕ್ಕಳಿಗೆ ಪಕ್ಕದಲ್ಲೇ ಪಚ್ಚನಾಡಿ ಉಂಟು. ಮಂಗಳೂರಿನವರು ಎಸೆದ ಕಸವೆಲ್ಲ ವರ್ಷಗಟ್ಟಲೆ ಅಲ್ಲಿ ಗುಡ್ಡೆಯಾಗಿ, 2019ರ ಆಗಸ್ಟಿನ ಮಳೆಗೆ ಆ ಗುಡ್ಡೆ ಜಾರಿ ಕೆಳಗಿನ ಮಂದಾರದ ಮನೆಗಳ, ಅಡಿಕೆ ತೋಟಗಳ ಮೇಲೆ ಹರಿಯಿತು. ಒಬ್ಬಳು ಪಾಲಿಕೆಯ ಅರ್ಥ ಹೇಳಲಿ, ಒಬ್ಬ ಮಂದಾರದಲ್ಲಿ ತೋಟ ಕಳೆದುಕೊಂಡವರದು, ಒಬ್ಬ ಏಳನೆಯ ಮಹಡಿಯಿಂದ ಮೀನಿನ ಮುಳ್ಳನ್ನೂ ಬ್ಯಾಟರಿಯನ್ನೂ ಒಂದೇ ತೊಟ್ಟೆಯಲ್ಲಿ ಕಟ್ಟಿ ಇಳಿಸಿದವರದು. ಮಳೆಯನ್ನೂ ಒಂದು ಪಾತ್ರ ಮಾಡಬಹುದು. ಎಲ್ಲರೂ ಕೊನೆಗೆ ತಪ್ಪನ್ನು ಅದರ ಮೇಲೆ ಹಾಕುವಾಗ ಉತ್ತರಿಸಲು ಯಾರಾದರೂ ಬೇಕಲ್ಲ. ಇಪ್ಪತ್ತೈದು ನಿಮಿಷ ಸಾಕು. ತಪ್ಪು ಯಾರದೆಂದು ತೀರ್ಮಾನವಾಗದೆ ಗಂಟೆ ಹೊಡೆಯುತ್ತದೆ, ಮಕ್ಕಳು ಜಗಳಾಡಿಕೊಂಡೇ ನೀರಿನ ಟ್ಯಾಂಕಿಯ ಹತ್ತಿರ ಹೋಗುತ್ತಾರೆ. ಪಾಠವೊಂದು ತರಗತಿಯ ಬಾಗಿಲು ದಾಟಿ ಟ್ಯಾಂಕಿಯವರೆಗೆ ಹೋದದ್ದು ಆ ವರ್ಷದಲ್ಲಿ ಅದೊಂದೇ ಇದ್ದರೂ ಇರಬಹುದು.

ಬೆತ್ತದ ಪಕ್ಷಪಾತಿಗಳು ಇನ್ನೂ ಇದ್ದಾರೆ. 'ನಮ್ಮ ಕಾಲದಲ್ಲಿ ಪೆಟ್ಟು ಕೊಟ್ಟೇ ನಮ್ಮನ್ನು ಮನುಷ್ಯರನ್ನಾಗಿ ಮಾಡಿದ್ದು' ಎನ್ನುತ್ತಾರೆ. ಮಾತು ಮುಗಿಯುವ ಮೊದಲೇ ಎದುರಿನ ಸ್ಕೂಟರಿನವನನ್ನು ಬೈಯುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹದಿನೇಳನೆಯ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದ ಮೇಲೆ ಕಾನೂನಿನ ಮಟ್ಟಿಗೆ ಈ ಚರ್ಚೆ ಮುಗಿದಿದೆ. ಬೆತ್ತ ಹೋದ ಜಾಗದಲ್ಲಿ ಏನಿಡಬೇಕೆಂದು ಮಾತ್ರ ಯಾರೂ ಶಿಕ್ಷಕರಿಗೆ ಹೇಳಲಿಲ್ಲ, ಅವರ ಸಂಕಟ ನಿಜವಾದದ್ದು. ಆ ಖಾಲಿ ಜಾಗಕ್ಕೆ ನನ್ನ ಹತ್ತಿರ ಇರುವುದು ಒಂದೇ ವಸ್ತು: ಕಾರಣ. ಹನ್ನೆರಡರವನಿಗೆ ಕಾರಣ ಕೊಟ್ಟರೆ ಅವನು ಒಪ್ಪುತ್ತಾನೆ ಎಂದು ನಾನು ಹೇಳುವುದಿಲ್ಲ. ಆದರೆ ಕಾರಣದ ಜೊತೆ ಜಗಳಾಡುತ್ತಾನೆ, ಮೇಷ್ಟ್ರ ಜೊತೆ ಅಲ್ಲ. ಮಕ್ಕಳಿಗೆ ತಮ್ಮ ವಿಷಯದಲ್ಲಿ ತಾವೂ ಮಾತಾಡಬೇಕು ಎನಿಸುವ ವಯಸ್ಸಿನಲ್ಲೇ ಶಾಲೆ ಅವರ ಕೈಯಿಂದ ತೀರ್ಮಾನಗಳನ್ನು ಕಿತ್ತುಕೊಳ್ಳುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಜಾಕ್ವೆಲಿನ್ ಎಕಲ್ಸ್ 1993ರಲ್ಲೇ ಬರೆದರು. ನಮ್ಮಲ್ಲಿ ಸಾಕ್ಷಿ ಬೇಕಾದರೆ, ಮೂರನೆಯ ತರಗತಿಯವರು ತಮಗೆ ಬೇಕಾದವರ ಪಕ್ಕ ಕೂರುತ್ತಾರೆ; ಏಳನೆಯವರನ್ನು ಯಾರು ಯಾರ ಪಕ್ಕ ಎಂದು ನಕ್ಷೆ ಬರೆದು ಕೂರಿಸುತ್ತೇವೆ. ಮೇಷ್ಟ್ರು ವಾದದಲ್ಲಿ ಸೋತರೆ ಬೆಲೆ ಉಳಿಯುತ್ತದೆಯೇ ಎಂಬ ಅಂಜಿಕೆಗೂ ತಾಳಮದ್ದಳೆಯಲ್ಲೇ ಸಮಾಧಾನ ಉಂಟು. ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಪ್ರಸಂಗ ಬದಲಾಗುವುದಿಲ್ಲ. ಬೆಳಗಾಗುವುದರೊಳಗೆ ಅವನು ಸಾಯಲೇಬೇಕು, ಸುಗ್ರೀವನಿಗೆ ಪಟ್ಟ ಆಗಲೇಬೇಕು. ಹಾಗೆಯೇ ಎಷ್ಟು ವಾದ ನಡೆದರೂ ನಾಳೆ ಹೋಂವರ್ಕ್ ತೋರಿಸಲೇಬೇಕು. ರಾಮನ ಅರ್ಥ ಹೇಳಿದವರನ್ನು ವಾಲಿಯ ಮಾತು ಕಟ್ಟಿಹಾಕಿತೆಂದು ಯಾವ ಊರಲ್ಲೂ ರಾಮನವಮಿ ನಿಂತಿಲ್ಲ.

ಬಾಯಿಬಡುಕರಿಗೇನೋ ಹಬ್ಬ, ಮಾತಾಡದ ಮಕ್ಕಳ ಗತಿ ಏನು ಎಂದು ಕೇಳಬಹುದು. ಅವರಿಗೆ ಈಗಿನ ಕ್ರಮವೇ ಹೆಚ್ಚು ಹಾನಿ. ಕೈ ಎತ್ತಿದವರಷ್ಟೇ ಮಾತಾಡುವ ತರಗತಿಯಲ್ಲಿ ವರ್ಷವಿಡೀ ಅದೇ ಆರು ಕೈಗಳು ಏಳುತ್ತವೆ. ಪಾತ್ರ ಹಂಚಿದರೆ ಸರದಿ ಎಲ್ಲರಿಗೂ ಬರುತ್ತದೆ, ತನ್ನದಲ್ಲದ ಮಾತನ್ನು ಪಾತ್ರದ ಹೆಸರಿನಲ್ಲಿ ಹೇಳುವಾಗ ನಾಚಿಕೆಯೂ ಅರ್ಧ. ವಾಲಿವಧೆಯಲ್ಲಿ ಎಲ್ಲರಿಗಿಂತ ವಿವೇಕದ ಮಾತು ತಾರೆಯದು. ಮೊನ್ನೆ ಸೋತು ಓಡಿದವನು ಇಂದು ಮತ್ತೆ ಬಂದು ಕರೆಯುತ್ತಾನೆಂದರೆ ಅವನ ಹಿಂದೆ ಯಾರೋ ಇರಬೇಕು, ಹೋಗಬೇಡ ಎಂದು ಅವಳು ತಡೆಯುತ್ತಾಳೆ. ಅಷ್ಟೇ ಮಾತು, ಮಿಕ್ಕವರೆಲ್ಲ ಗಂಟೆಗಟ್ಟಲೆ ಆಡಿದ್ದಕ್ಕಿಂತ ತೂಕ ಹೆಚ್ಚು. ಮಹಿಳಾ ತಾಳಮದ್ದಳೆ ತಂಡಗಳು ಈಗ ಜಿಲ್ಲೆಯಲ್ಲಿ ಸಾಕಷ್ಟು ಇವೆ, ಹುಡುಗಿಯರಿಗೆ ತಾರೆಯೇ ಆಗಬೇಕೆಂದೂ ಇಲ್ಲ.

ಕೊನೆಯ ಆಕ್ಷೇಪ ಬರುವುದು ಪೋಷಕರ ಸಭೆಯಲ್ಲಿ. 'ನೀವು ಶಾಲೆಯಲ್ಲಿ ವಾದ ಮಾಡಲು ಕಲಿಸಿದರೆ ಅವ ಮನೆಯಲ್ಲಿ ನಮ್ಮ ಹತ್ತಿರ ಮಾಡುತ್ತಾನೆ.' ಮನೆಯಲ್ಲಿ ಅವನು ಈಗಾಗಲೇ ಮಾಡುತ್ತಿದ್ದಾನೆ, ಕಲಿಯದೆ ಮಾಡುತ್ತಿದ್ದಾನೆ. ಬಾಗಿಲು ಧಡಾರೆಂದು ಹಾಕುವುದು ಮಾತು ಗೊತ್ತಿಲ್ಲದವನ ವಾದ. ಕಲಿತರೆ ಕನಿಷ್ಠ ಅಪ್ಪನ ಕೊನೆಯ ವಾಕ್ಯವನ್ನು ಪೂರ್ತಿ ಕೇಳಿಸಿಕೊಂಡು ಮುಂದುವರಿಯುತ್ತಾನೆ. ಒಂದು ಅಪಾಯವನ್ನು ಮಾತ್ರ ಮುಚ್ಚಿಡುವಂತಿಲ್ಲ. ಇಷ್ಟು ಹೊತ್ತು ಮೊಬೈಲು ನೋಡಿದರೆ ಕಣ್ಣು ಹಾಳಾಗುತ್ತದೆ, ತಲೆ ಹಾಳಾಗುತ್ತದೆ ಎಂದು ಅಪ್ಪ ಹೇಳಿದಾಗ, ವಿಧಾನ, ಅಧಿಕಾರ, ಪಕ್ಷಪಾತ ಎಂಬ ಮೂರನ್ನೂ ಕಲಿತ ಹುಡುಗ ಮೊದಲ ಎರಡನ್ನು ಬಿಟ್ಟುಕೊಟ್ಟು ಮೂರನೆಯದನ್ನು ಹಿಡಿಯುತ್ತಾನೆ. ಅಪ್ಪನ ಮೊಬೈಲನ್ನೇ ಕೇಳಿ ತೆಗೆದುಕೊಂಡು, ಸೆಟ್ಟಿಂಗ್ಸ್ ತೆರೆದು, ಈ ವಾರ ದಿನಕ್ಕೆ ಎಷ್ಟು ಗಂಟೆ ಎಂದು ಅದೇ ತೋರಿಸುವ ಲೆಕ್ಕವನ್ನು ಅಮ್ಮನ ಎದುರು ಗಟ್ಟಿಯಾಗಿ ಓದುತ್ತಾನೆ. ಅದಕ್ಕೆ ಏನು ಅರ್ಥ ಹೇಳಬೇಕೆಂದು ಅಪ್ಪಂದಿರು ಈಗಿಂದಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು. ಆಫೀಸಿನ ಕೆಲಸ ಎಂದರೆ, ಆ ಲೆಕ್ಕದಲ್ಲಿ ಯಾವ ಆಪಿಗೆ ಎಷ್ಟು ನಿಮಿಷ ಎಂಬುದೂ ಇರುತ್ತದೆ.